ಪೇಸ್‌ಮೇಕರ್ ಲೀಡ್: ಕನೆಕ್ಟರ್ ಬುಡದಲ್ಲೇ ಕಾಯಿಲ್ ಮುರಿಯುತ್ತಿದೆ, ತಂತಿ ದಪ್ಪ ಮಾಡಲೇ?

ಪ್ರಶ್ನೆ:
ಪೇಸ್‌ಮೇಕರಿನಿಂದ ಹೃದಯಕ್ಕೆ ಹೋಗುವ ಬೈಪೋಲಾರ್ (ಎರಡು ಧ್ರುವದ) ಲೀಡ್, ಕಾಯಿಲ್ ಒಳಗೆ ಕಾಯಿಲ್. ಎಂಪಿ35ಎನ್ (ನಿಕಲ್-ಕೋಬಾಲ್ಟ್ ಮಿಶ್ರಲೋಹ) ತಂತಿ, ಹೊರ ಕಾಯಿಲ್ ಎರಡೆಳೆ, ಎಳೆಯ ದಪ್ಪ 0.15 ಮಿ.ಮೀ. ಸಿಲಿಕೋನ್ ಹೊದಿಕೆ, ಪೇಸ್‌ಮೇಕರಿಗೆ ಸಿಕ್ಕಿಸುವ ತುದಿಯಲ್ಲಿ ಐಎಸ್-1 ಮಾನದಂಡದ ಕನೆಕ್ಟರ್. ಲೀಡಿನ ಮೈಯನ್ನು ಎರಡೂ ಕಡೆ 90 ಡಿಗ್ರಿ ಬಾಗಿಸುವ 47,000 ಸುತ್ತಿನ ಪರೀಕ್ಷೆ ಪಾಸಾಯಿತು. ಕನೆಕ್ಟರ್ ಬುಡದ 45 ಡಿಗ್ರಿ, 82,000 ಸುತ್ತಿನ ಪರೀಕ್ಷೆಯಲ್ಲಿ ಮಾತ್ರ 50,000 ದಾಟುವಷ್ಟರಲ್ಲಿ ಹೊರ ಕಾಯಿಲ್ ತುಂಡಾಗುತ್ತಿದೆ. ನೆಟ್ಟಗಿಟ್ಟು ಅಳೆದರೆ ರೆಸಿಸ್ಟೆನ್ಸ್ ಸರಿಯಾಗಿದೆ, ಬಾಗಿಸಿದರೆ ಓಪನ್, ಅಂದರೆ ಕರೆಂಟಿನ ದಾರಿ ಕಡಿಯುತ್ತದೆ. ತಂತಿ ದಪ್ಪ ಮಾಡಿದರೆ ತಡೆದೀತೇ?

ಉತ್ತರ 1:
ದಪ್ಪ ಮಾಡಬೇಡಿ, ಇನ್ನೂ ಬೇಗ ಮುರಿಯುತ್ತದೆ. ಬಾಗು ಅಷ್ಟೇ ಇದ್ದಾಗ ತಂತಿ ದಪ್ಪವಾದಷ್ಟೂ ಅದರ ಹೊರಮೈ ಹೆಚ್ಚು ಹಿಗ್ಗುತ್ತದೆ. ಮೈ ಪಾಸಾಗಿ ಬುಡ ಮುರಿದಿದೆ, ಅಂದರೆ ಮೊದಲು ಅನುಮಾನಿಸಬೇಕಾದ್ದು ಕ್ರಿಂಪನ್ನು, ಅಂದರೆ ಲೋಹದ ತೋಳನ್ನು ಒತ್ತಿ ಕಾಯಿಲನ್ನು ಕನೆಕ್ಟರಿಗೆ ಹಿಡಿಸಿದ ಜಾಗವನ್ನು. ಮುರಿದ ತುದಿಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ. ತುದಿ ಸಣಕಲಾಗಿ ಎಳೆದಂತಿದ್ದರೆ ಅದು ಜಗ್ಗಿ ಮುರಿದದ್ದು. ಒಂದೇ ಅಂಚಿನಿಂದ ಹೊರಟ ಸಣ್ಣ ಸಣ್ಣ ಗೆರೆಗಳು ಸಾಲಾಗಿ ಕಂಡರೆ ದಣಿದು ಮುರಿದದ್ದು. ಆ ಗೆರೆಗಳು ಹುಟ್ಟಿದ ಜಾಗದಲ್ಲಿ ಕ್ರಿಂಪ್ ತೋಳಿನ ಗೀರು ಇದೆಯೇ ಎಂಬುದೇ ಮುಖ್ಯ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಗಟ್ಟಿ ಲೋಹ ಮುಗಿದು ಮೆತ್ತನೆ ಕಾಯಿಲ್ ಶುರುವಾಗುವ ಒಂದೇ ಸುತ್ತಿನ ಮೇಲೆ ಬಾಗೆಲ್ಲ ಬಂದು ಕೂರುತ್ತಿದೆ. ಕ್ರಿಂಪ್ ತೋಳಿನ ಒಳ ಅಂಚನ್ನು ತುತ್ತೂರಿ ಬಾಯಿಯಂತೆ ಅಗಲಿಸಿ ನುಣುಪು ಮಾಡಿ. ಕಾಯಿಲ್ ಒಳಗೆ ಆಧಾರದ ತೋಳು ಇಲ್ಲದೆ ಕ್ರಿಂಪ್ ಮಾಡಿದರೆ ಸುತ್ತುಗಳು ಚಪ್ಪಟೆಯಾಗುತ್ತವೆ, ಬಿರುಕಿಗೆ ಅಷ್ಟೇ ಸಾಕು. ಕನೆಕ್ಟರಿನ ಸಿಲಿಕೋನ್ ಕುತ್ತಿಗೆ ಕ್ರಿಂಪ್ ಅಂಚನ್ನು ಚೆನ್ನಾಗಿ ದಾಟಿ, ಹಂತಹಂತವಾಗಿ ತೆಳುವಾಗುತ್ತ ಮುಗಿಯಲಿ. ಕುತ್ತಿಗೆಯೂ ಕ್ರಿಂಪೂ ಒಂದೇ ಜಾಗದಲ್ಲಿ ಮುಗಿದರೆ ಏನೂ ಉಪಯೋಗವಿಲ್ಲ.

ಉತ್ತರ 3:
ಇದಾದ ಮೇಲೆ ಬೇಕಿದ್ದರೆ ತಂತಿಗೆ ಬನ್ನಿ: 0.10 ಮಿ.ಮೀ.ನ ನಾಲ್ಕೆಳೆ ಹಾಕಿ ನೋಡಿ. ಒಂದು ಹೋದರೂ ಮೂರು ಉಳಿಯುತ್ತವೆ. ಎಳೆ ಹೆಚ್ಚಿಸುತ್ತಲೇ ಹೋಗಬೇಡಿ, ಸುತ್ತಿನ ಓರೆ ಹೆಚ್ಚಿ ಕಾಯಿಲ್ ಬಿರುಸಾಗುತ್ತದೆ. ಟೈಟಾನಿಯಂ ಕಡಿಮೆ ಇರುವ ಎಂಪಿ35ಎನ್ ಕೇಳಿ ತರಿಸಿ. ಮಾಮೂಲಿಯದರಲ್ಲಿ ಟೈಟಾನಿಯಂ ನೈಟ್ರೈಡಿನ ಗಟ್ಟಿ ಕಣಗಳಿರುತ್ತವೆ, ತೆಳು ತಂತಿಯಲ್ಲಿ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಇನ್ನೊಂದು ಮಾತು. ನಿಲ್ಲಿಸಿ ಅಳೆಯಬೇಡಿ, ಬಾಗುತ್ತಿರುವಾಗಲೇ ರೆಸಿಸ್ಟೆನ್ಸ್ ದಾಖಲಿಸಿ. ಮುರಿದ ತುದಿಗಳು ತಾಗುತ್ತ ಬಿಡುತ್ತ ಇದ್ದರೆ ರೋಗಿಯ ಮೈಯೊಳಗೆ ಅದು ಸಿಗ್ನಲ್‌ನಂತೆ ಕಾಣುತ್ತದೆ. ಹೃದಯ ತಾನೇ ಬಡಿಯುತ್ತಿದೆ ಎಂದು ಪೇಸ್‌ಮೇಕರ್ ಪಲ್ಸ್ ಕೊಡುವುದನ್ನೇ ನಿಲ್ಲಿಸಿಬಿಡುತ್ತದೆ. ಲೀಡ್ ಇಂಪೀಡೆನ್ಸ್ (ಲೀಡಿನ ವಿದ್ಯುತ್ ತಡೆ) ಮಾತ್ರ ಚೆಕಪ್‌ನಲ್ಲಿ ಸರಿಯಾಗೇ ಕಾಣಬಹುದು.