ಚಂದ್ರನನ್ನು ನೋಡದೆ ತಿಂಗಳು ಶುರು ಮಾಡುವ ಯಹೂದಿ ಪಂಚಾಂಗ: ಇದು ಚಾಂದ್ರಮಾನ ಹೌದೋ ಅಲ್ಲವೋ?

ತುಂಗಾತೀರ:
2025ರ ಸೆಪ್ಟೆಂಬರ್ 21 ನಮಗೆ ಮಹಾಲಯ ಅಮಾವಾಸ್ಯೆ. ತಿಥಿ ಮುಗಿದದ್ದು ಆ ರಾತ್ರಿ ಒಂದೂವರೆಯ ಹೊತ್ತಿಗೆ. 22ರ ಸೋಮವಾರ ಪಾಡ್ಯ, ನವರಾತ್ರಿ ಶುರು. ಯಹೂದಿಗಳ ಹೊಸವರ್ಷ ರೋಶ್ ಹಶಾನಾ, ಅಂದರೆ ತಿಶ್ರಿ ತಿಂಗಳ ಮೊದಲ ದಿನ, ಮಾತ್ರ 23ರ ಮಂಗಳವಾರ (ಅವರ ದಿನ ಹಿಂದಿನ ಸಂಜೆಯೇ ಶುರುವಾಗುತ್ತದೆ, ಅದಿರಲಿ). ಇರೋದು ಒಬ್ಬನೇ ಚಂದ್ರ. ಒಂದು ದಿನ ಎಲ್ಲಿ ಹೋಯಿತು? ಇಸ್ರೇಲ್ ಪಶ್ಚಿಮಕ್ಕಿದೆ ಅನ್ನಬೇಡಿ, ಎರಡೂವರೆ ಗಂಟೆಯ ವ್ಯತ್ಯಾಸಕ್ಕೆ ಇಷ್ಟಾಗಲ್ಲ.

ನಿವೃತ್ತ ಗಣಿತ ಮೇಷ್ಟ್ರು:
ಅವರು ಲೆಕ್ಕ ಹಾಕುವುದು ನಿಜವಾದ ಅಮಾವಾಸ್ಯೆಯನ್ನಲ್ಲ, ಸರಾಸರಿ ಅಮಾವಾಸ್ಯೆಯನ್ನು. ಅದಕ್ಕೆ ಮೋಲಾದ್ ಅನ್ನುತ್ತಾರೆ. ಒಂದು ಮೋಲಾದ್‌ನಿಂದ ಇನ್ನೊಂದಕ್ಕೆ 29 ದಿನ 12 ಗಂಟೆ 793 ಭಾಗ, ಯಾವತ್ತೂ ಅಷ್ಟೇ. ಗಂಟೆಗೆ 1080 ಭಾಗ, ಹಾಗಾಗಿ ಒಂದು ಭಾಗವೆಂದರೆ ಮೂರೂ ಕಾಲು ಸೆಕೆಂಡಿಗಿಂತ ಚೂರು ಹೆಚ್ಚು. ಮೊದಲ ವರ್ಷದ ತಿಶ್ರಿಯ ಮೋಲಾದ್ ಸೋಮವಾರ 5 ಗಂಟೆ 204 ಭಾಗ ಎಂದು ಇಟ್ಟುಕೊಂಡಿದ್ದಾರೆ. ಗಂಟೆ ಎಣಿಸುವುದು ಹಿಂದಿನ ಸಂಜೆ ಆರರಿಂದ, ಜೆರುಸಲೇಮಿನ ಲೆಕ್ಕದಲ್ಲಿ.

ಅಲ್ಲಿಂದ 5786ರ (2025ರಲ್ಲಿ ಶುರುವಾದ ಅವರ ವರ್ಷ) ತಿಶ್ರಿಗೆ 71,551 ತಿಂಗಳು. ಗುಣಿಸಿ, ಕೂಡಿಸಿ, ಪೂರ್ತಿ ವಾರಗಳನ್ನು ಕಳೆಯಿರಿ: ಸೋಮವಾರ 18 ಗಂಟೆ 187 ಭಾಗ ಬರುತ್ತದೆ. ಎಂದರೆ 22ರ ಮಧ್ಯಾಹ್ನ 12 ದಾಟಿ ಹತ್ತು ನಿಮಿಷ. ಮೋಲಾದ್ ನಡು ಮಧ್ಯಾಹ್ನಕ್ಕೋ ಆಮೇಲೋ ಬಂದರೆ ತಿಂಗಳು ಮರುದಿನಕ್ಕೆ ಹೋಗಬೇಕು ಎಂಬುದು ನಿಯಮ. ಹೋಯಿತು, ಮಂಗಳವಾರ.

ಕಡಲತಡಿ:
ಹತ್ತು ನಿಮಿಷಕ್ಕೆ ಒಂದು ದಿನ ದೂಡಿದ್ರಾ ಮಾರಾಯ್ರೇ! ಮತ್ತೆ ಪ್ರತಿ ತಿಂಗಳೂ ಇಷ್ಟು ಕೂಡಿಸ್ತಾ ಕೂರ್ಬೇಕಾ?

ನಿವೃತ್ತ ಗಣಿತ ಮೇಷ್ಟ್ರು:
ಬೇಡ. ದಿನ ಗೊತ್ತುಮಾಡಲು ತಿಶ್ರಿಯ ಮೋಲಾದ್ ಒಂದೇ ಸಾಕು. ಉಳಿದವು 30, 29, 30, 29 ಎಂದು ಸಾಗುತ್ತವೆ. ಹೆಶ್ವಾನ್ ಮತ್ತು ಕಿಸ್ಲೇವ್ ಎರಡು ತಿಂಗಳನ್ನು ಮಾತ್ರ ಒಂದು ದಿನ ಹಿಗ್ಗಿಸಿ ಕುಗ್ಗಿಸಿ, ಅಧಿಕ ತಿಂಗಳಿಲ್ಲದ ವರ್ಷವನ್ನು 353, 354 ಅಥವಾ 355 ದಿನಕ್ಕೆ ಕೂರಿಸುತ್ತಾರೆ. ಸಿನಗಾಗ್ ಎಂಬ ಪ್ರಾರ್ಥನಾಮಂದಿರಗಳಲ್ಲಿ ಮುಂದಿನ ತಿಂಗಳ ಮೋಲಾದ್ ಓದಿ ಹೇಳುವ ರೂಢಿ ಇದೆ, ತಾರೀಖು ಮಾತ್ರ ಅದನ್ನು ಕಾಯುವುದಿಲ್ಲ.

ದೃಕ್‌ಸಿದ್ಧ:
ಹಾಗಾದರೆ ಇದು ಚಾಂದ್ರಮಾನವೇ ಅಲ್ಲ. ನಿಜವಾದ ಅಮಾವಾಸ್ಯೆ ಜೆರುಸಲೇಮಿನಲ್ಲಿ 21ರ ರಾತ್ರಿ ಹತ್ತೂ ಕಾಲಕ್ಕೇ ಆಗಿತ್ತು. ಅದೇ ಹೊತ್ತಿಗೆ ಸೂರ್ಯಗ್ರಹಣವೂ ಇತ್ತು, ಸಂಶಯಕ್ಕೆ ಜಾಗವಿಲ್ಲ. ಇವರ ಮೋಲಾದ್ ಬಂದದ್ದು ಹದಿನಾಲ್ಕು ಗಂಟೆ ತಡವಾಗಿ. ನಮ್ಮಲ್ಲಿ ಪಂಚಾಂಗ ಇಷ್ಟು ತಪ್ಪಿದ್ದರೆ ಮಠಗಳ ಮುಂದೆ ಜಗಳ ಆಗುತ್ತಿತ್ತು.

ನಿವೃತ್ತ ಗಣಿತ ಮೇಷ್ಟ್ರು:
ಅಲ್ಲ ಸರ್, ಸೂರ್ಯಸಿದ್ಧಾಂತದವರೂ ಮಧ್ಯಮ (ಸರಾಸರಿ) ಚಂದ್ರನಿಂದಲೇ ಹೊರಡುವುದು, ಆಮೇಲೆ ಸಂಸ್ಕಾರ (ತಿದ್ದುಪಡಿ) ಕೊಟ್ಟು ಸ್ಫುಟ (ನಿಜವಾದ ಸ್ಥಾನ) ಮಾಡುತ್ತಾರೆ. ಇವರು ಮಧ್ಯಮದಲ್ಲೇ ನಿಲ್ಲುತ್ತಾರೆ. ಚಂದ್ರ ಒಮ್ಮೆ ಬೇಗ, ಒಮ್ಮೆ ನಿಧಾನ ಓಡುವುದರಿಂದ ಒಂದೊಂದು ತಿಂಗಳಲ್ಲಿ ತಪ್ಪು ದೊಡ್ಡದಾಗಿ ಕಾಣುತ್ತದೆ. ಸರಾಸರಿ ನೋಡಿ: ಅವರದು 29.530594 ದಿನ, ಇಂದಿನ ಖಗೋಳಶಾಸ್ತ್ರದ್ದು 29.530589. ತಿಂಗಳಿಗೆ ಅರ್ಧ ಸೆಕೆಂಡಿನ ಆಸುಪಾಸು! ಬ್ಯಾಬಿಲೋನಿನವರು ಕಂಡುಕೊಂಡು, ಗ್ರೀಕ್ ಖಗೋಳಜ್ಞ ಟಾಲೆಮಿಯೂ ಬಳಸಿದ ಅಂಕಿಯೇ ಅದು. ಸ್ಲೇಟು ಬಳಪ ಇದ್ದರೆ ಯಾರು ಬೇಕಾದರೂ ಹಾಕಬಹುದಾದ ಲೆಕ್ಕ ಅವರಿಗೆ ಬೇಕಿತ್ತು.

ಇತಿಹಾಸದ ಹುಚ್ಚಿ:
ಯಾಕೆ ಬೇಕಿತ್ತು ಅನ್ನುವುದೇ ರುಚಿಯಾದ ಭಾಗ. ಮೊದಲು ಅವರೂ ಕಣ್ಣಿಂದಲೇ ನೋಡುತ್ತಿದ್ದರು. ಬಿದಿಗೆ ಚಂದ್ರನ ಎಳೆ ಕಂಡವರು ನ್ಯಾಯಸಭೆಗೆ ಬಂದು ಸಾಕ್ಷಿ ಹೇಳಬೇಕು. ಎಷ್ಟು ಎತ್ತರದಲ್ಲಿತ್ತು, ಯಾವ ಕಡೆ ವಾಲಿತ್ತು ಅಂತೆಲ್ಲ ಅಡ್ಡಪ್ರಶ್ನೆ. ಆ ಸಭೆಯ ಮುಖ್ಯಸ್ಥ ರಬ್ಬಾನ್ ಗಮಾಲಿಯೇಲ್ ಚಂದ್ರನ ಆಕಾರಗಳ ಚಿತ್ರಗಳನ್ನೇ ಗೋಡೆಗೆ ಹಾಕಿಕೊಂಡು, "ಹೀಗಿತ್ತೋ, ಹಾಗಿತ್ತೋ" ಎಂದು ಕೇಳುತ್ತಿದ್ದನಂತೆ. ಒಮ್ಮೆ ಅವನು ಒಪ್ಪಿದ ಸಾಕ್ಷಿಯನ್ನು ರಬ್ಬಿ ಯೆಹೋಶುವಾ ಒಪ್ಪಲಿಲ್ಲ. ಗಮಾಲಿಯೇಲ್ ಮಾಡಿದ್ದೇನು? ನಿನ್ನ ಲೆಕ್ಕದಲ್ಲಿ ಯೋಮ್ ಕಿಪ್ಪೂರ್ (ತಿಶ್ರಿಯ ಹತ್ತನೇ ದಿನದ ಉಪವಾಸ, ಅಂದು ಪ್ರಯಾಣ, ಹಣ ಒಯ್ಯುವುದು ನಿಷಿದ್ಧ) ಬರುವ ದಿನವೇ ಕೋಲು, ಹಣದ ಚೀಲ ಹಿಡಿದು ನನ್ನೆದುರು ಬಾ ಎಂದ. ಆತ ಬಂದ.

ನಿರ್ಧಾರವನ್ನು ದೂರದವರಿಗೆ ಮುಟ್ಟಿಸಲು ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹಚ್ಚುತ್ತಿದ್ದರು. ಸಮಾರಿಯದವರು ಸುಳ್ಳು ಬೆಂಕಿ ಹಚ್ಚಿದ ಮೇಲೆ ದೂತರನ್ನು ಕಳಿಸತೊಡಗಿದರು. ಬ್ಯಾಬಿಲೋನಿಗೆ ದೂತ ತಲುಪುವ ಹೊತ್ತಿಗೆ ಹಬ್ಬವೇ ಮುಗಿದಿರುತ್ತಿತ್ತು. ಇಸ್ರೇಲಿನ ಹೊರಗೆ ಅನೇಕರು ಇವತ್ತಿಗೂ ಹಬ್ಬವನ್ನು ಎರಡು ದಿನ ಆಚರಿಸುವುದು ಆ ಅನುಮಾನದ ಉಳಿಕೆ. ಕೊನೆಗೆ 359ರ ಸುಮಾರಿಗೆ ನ್ಯಾಯಸಭೆಯ ಮುಖ್ಯಸ್ಥ ಎರಡನೇ ಹಿಲ್ಲೇಲ್ ಲೆಕ್ಕವನ್ನು ಎಲ್ಲರಿಗೂ ಬಿಟ್ಟುಕೊಟ್ಟ ಎಂಬುದು ಸಂಪ್ರದಾಯದ ಮಾತು.

ದೃಕ್‌ಸಿದ್ಧ:
ಲೆಕ್ಕ ಬಂತು, ಜಗಳ ನಿಂತಿತು ಅಂತೀರಾ?

ಇತಿಹಾಸದ ಹುಚ್ಚಿ:
ನಿಲ್ಲುತ್ತದೆಯೇ! 921ರಲ್ಲಿ ಪ್ಯಾಲೆಸ್ಟೈನಿನ ಬೆನ್ ಮೇಯಿರ್ ಎಂಬ ವಿದ್ವಾಂಸ, ತಿಂಗಳನ್ನು ಮರುದಿನಕ್ಕೆ ದೂಡುವ ಗಡಿ ಮಧ್ಯಾಹ್ನ ಹನ್ನೆರಡಲ್ಲ, ಅದಕ್ಕೆ 642 ಭಾಗ ಸೇರಿಸಬೇಕು ಎಂದ. 35 ನಿಮಿಷ ಚಿಲ್ಲರೆ, ಅಷ್ಟೇ. ಮುಂದೆ 923ರ ತಿಶ್ರಿಯ ಮೋಲಾದ್ ಶನಿವಾರ ಮಧ್ಯಾಹ್ನ ದಾಟಿ 237 ಭಾಗಕ್ಕೆ ಬರುವುದಿತ್ತು. ಅವನ ಪ್ರಕಾರ ಶನಿವಾರವೇ ಸರಿ. ಬ್ಯಾಬಿಲೋನಿನವರ ಪ್ರಕಾರ ಭಾನುವಾರಕ್ಕೆ ಹೋಗಬೇಕು, ಆದರೆ ರೋಶ್ ಹಶಾನಾ ಭಾನುವಾರ ಬರಕೂಡದು, ಹಾಗಾಗಿ ಸೋಮವಾರ. ಈ ಎರಡು ದಿನದ ಅಂತರ ಹಿಂದಕ್ಕೂ ಹರಡಿ, 922ರ ಪೆಸಾಖ್ ಹಬ್ಬ ಒಂದು ಪಕ್ಷಕ್ಕೆ ಭಾನುವಾರ, ಇನ್ನೊಂದಕ್ಕೆ ಮಂಗಳವಾರ ಆಯಿತು. ಸಾದಿಯಾ ಗಾವೊನ್ ಎಂಬ ವಿದ್ವಾಂಸ ಬ್ಯಾಬಿಲೋನಿನ ಪರ ಬರೆದು ವಾದಿಸಿದ, ಆ ಪಕ್ಷ ಗೆದ್ದಿತು.

ತುಂಗಾತೀರ:
ತಾಳಿ ಮೇಡಂ. 187 ಭಾಗ 642ಕ್ಕಿಂತ ಕಡಿಮೆ. ಬೆನ್ ಮೇಯಿರ್ ಗೆದ್ದಿದ್ದರೆ 2025ರಲ್ಲಿ ರೋಶ್ ಹಶಾನಾ 22ರ ಸೋಮವಾರವೇ, ನಮ್ಮ ಪಾಡ್ಯದ ದಿನವೇ ಬರುತ್ತಿತ್ತಲ್ಲ!

ಇತಿಹಾಸದ ಹುಚ್ಚಿ:
ಬರುತ್ತಿತ್ತು.

ಕಡಲತಡಿ:
ಭಾನುವಾರ ಬರಕೂಡದು ಅಂದ್ರಲ್ಲ, ಚಂದ್ರನಿಗೂ ವಾರಕ್ಕೂ ಏನು ನಂಟು?

ನಿವೃತ್ತ ಗಣಿತ ಮೇಷ್ಟ್ರು:
ಚಂದ್ರನಿಗಿಲ್ಲ, ಜನರಿಗಿದೆ. ಬುಧವಾರ, ಶುಕ್ರವಾರವೂ ಆಗದು. ಹಾಗೆ ಬಂದರೆ ಹತ್ತನೇ ದಿನದ ಯೋಮ್ ಕಿಪ್ಪೂರ್ ಶನಿವಾರದ ವಿಶ್ರಾಂತಿ ದಿನ ಶಬ್ಬಾತ್‌ಗೆ ಅಂಟಿಕೊಂಡು ಎರಡು ದಿನ ಅಡುಗೆಯೂ ಇಲ್ಲ, ಶವಸಂಸ್ಕಾರವೂ ಇಲ್ಲ. ಭಾನುವಾರದ್ದು ತಿಶ್ರಿಯ ಇನ್ನೊಂದು ಆಚರಣೆ ಶಬ್ಬಾತ್ ದಿನ ಬೀಳದಿರಲಿ ಎಂದು.

ದೃಕ್‌ಸಿದ್ಧ:
ಅಡುಗೆಮನೆಗೆ ಹೊಂದಿಸಿದ ಆಕಾಶ! ನಾನು ಮಾತ್ರ ಕರಾಯಿಟ್ ಯಹೂದಿಗಳ ಪಕ್ಷ. ಅವರು ಈ ಲೆಕ್ಕ ಒಪ್ಪದೆ ಚಂದ್ರನನ್ನು ಕಂಡೇ ತಿಂಗಳು ಹಿಡಿಯುವ ಪದ್ಧತಿ ಇಟ್ಟುಕೊಂಡವರು.

ತುಂಗಾತೀರ:
ಕೊನೆಯ ಪ್ರಶ್ನೆ. 2026ರಲ್ಲಿ ರೋಶ್ ಹಶಾನಾ ಸೆಪ್ಟೆಂಬರ್ 12ಕ್ಕೆ, ನವರಾತ್ರಿ ಅಕ್ಟೋಬರ್ 11ಕ್ಕೆ. ಇದೂ ಮೋಲಾದ್ ಕಿತಾಪತಿಯಾ?

ನಿವೃತ್ತ ಗಣಿತ ಮೇಷ್ಟ್ರು:
ಅಲ್ಲ, ಅದು ಅಧಿಕಮಾಸದ್ದು. ನಮ್ಮಲ್ಲಿ ಸಂಕ್ರಮಣವಿಲ್ಲದ ತಿಂಗಳು ಅಧಿಕ, 2026ರಲ್ಲಿ ಅದು ಜ್ಯೇಷ್ಠಕ್ಕೆ ಬಿತ್ತು. ಅವರಲ್ಲಿ 19 ವರ್ಷದ ಚಕ್ರದಲ್ಲಿ 3, 6, 8, 11, 14, 17, 19ನೇ ವರ್ಷಗಳಿಗೆ ಮಾತ್ರ ಹೆಚ್ಚಿನ ತಿಂಗಳು, ಅದೂ ಯಾವಾಗಲೂ ಅದಾರ್‌ನಲ್ಲೇ. 5787 ಚಕ್ರದ 11ನೇ ವರ್ಷ, ಅವರ ಎರಡು ಅದಾರ್ ಬರುವುದು 2027ರ ಫೆಬ್ರವರಿಯಿಂದ. ನಾವು ಮೊದಲೇ ಸೇರಿಸಿದೆವು, ಅವರು ಆಮೇಲೆ ಸೇರಿಸುತ್ತಾರೆ. 2027ರಲ್ಲಿ ನಮ್ಮ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ ಕೊನೆಗೆ, ಅವರ ಹೊಸವರ್ಷ ಅಕ್ಟೋಬರ್ 2ಕ್ಕೆ.