ಸಹಾಯ ಬೇಕು: ಬೂಷ್ಟು ಹಿಡಿದ ಸಂದರ್ಶನದ ಕ್ಯಾಸೆಟ್‌ಗಳು

ಎಲ್ಲರಿಗೂ ನಮಸ್ಕಾರ. ನಮ್ಮ ವಿಶ್ವವಿದ್ಯಾಲಯದ ಜಾನಪದ ವಿಭಾಗದ ಬೀರುವಿನಲ್ಲಿ ಎರಡು ಪೆಟ್ಟಿಗೆ ಕ್ಯಾಸೆಟ್ ಸಿಕ್ಕಿವೆ. ಎಲ್ಲವೂ ಮಲೆ ಮಾದಪ್ಪನ ಕಥೆ ಹಾಡುವ ಕಂಸಾಳೆಯವರ, ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಸಂದರ್ಶನಗಳು. ಹೆಚ್ಚಿನವು 90 ನಿಮಿಷದವು. ಟೇಪು ತೆಳು, ಎಳೆದರೆ ಹಿಗ್ಗುತ್ತದೆ. ಕೆಲವುಗಳ ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಹಿಡಿದಿದೆ. ಒಂದರ ಮೇಲೆ ಪೆನ್ಸಿಲಿನಲ್ಲಿ ‘ಅಜ್ಜ, ಮಳೆ ಸದ್ದು ಇದೆ’ ಎಂದಷ್ಟೇ ಬರೆದಿದೆ. ಯಾವ ಅಜ್ಜ, ಯಾವ ಊರು, ಮಾದಪ್ಪನೇ ಬಲ್ಲ!

ಹಾಗೇ ಓಡಿಸಿದರೆ ಬೂಷ್ಟು ಯಂತ್ರಕ್ಕೂ ಅಂಟುತ್ತದೆಂದು ಅವನ್ನು ಬೇರೆ ಇಟ್ಟಿದ್ದೇನೆ. ಇವನ್ನೆಲ್ಲ ಡಿಜಿಟಲ್‌ಗೆ ಇಳಿಸಬೇಕು. ಅದಕ್ಕೆ ಸದ್ದಿನ ವಿವರ ಬಿಟ್ಟು ಗಾತ್ರ ಕುಗ್ಗಿಸುವ ಎಂಪಿ3 ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಡಿಜಿಟಲ್ ಮೂಲಪ್ರತಿ 24 ಬಿಟ್, 96 ಕಿಲೋಹರ್ಟ್ಸ್‌ನ, ಸದ್ದನ್ನು ಕುಗ್ಗಿಸದ ವೇವ್ (WAV) ಕಡತವಾಗಿಯೇ ಇರಬೇಕು.

ಸುಸ್ಥಿತಿಯಲ್ಲಿರುವ ಕ್ಯಾಸೆಟ್ ಡೆಕ್ ಯಾರ ಬಳಿಯಾದರೂ ಇದೆಯೇ? ಬೂಷ್ಟು ತೆಗೆದು ಅನುಭವವಿದ್ದವರು ದಯವಿಟ್ಟು ತಿಳಿಸಿ. ಹಾಡುಗಾರರ ಮನೆಯವರಿಂದ ಒಪ್ಪಿಗೆ ಪತ್ರ ಪಡೆದವರಿದ್ದರೆ ಅದರ ನಮೂನೆಯೂ ಬೇಕು.