ಸಹಾಯ ಬೇಕು: ಇನ್ವರ್ಟರ್ ಬ್ಯಾಟರಿಯ ಒಂದು ಸೆಲ್ ಮಾತ್ರ ಚಾರ್ಜ್ ಹಿಡಿಯುತ್ತಿಲ್ಲ

ನಮಸ್ಕಾರ. ನಮ್ಮದು 150 ಎಎಚ್ ಟ್ಯೂಬುಲರ್ ಬ್ಯಾಟರಿ. ಈಗ ಎರಡು ಫ್ಯಾನಿಗೇ ಇನ್ವರ್ಟರ್ ಬೇಗ ಕೂಗಿಕೊಳ್ಳುತ್ತಿದೆ. ಫುಲ್ ಚಾರ್ಜ್ ಮಾಡಿ, ವಯರ್ ಬಿಚ್ಚಿ, ರಾತ್ರಿಯಿಡೀ ಬಿಟ್ಟು ಹೈಡ್ರೋಮೀಟರ್ (ಆಸಿಡ್ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಸಾಧನ) ಹಾಕಿ ನೋಡಿದೆ. ಐದು ಸೆಲ್‌ಗಳಲ್ಲಿ 1.240 ಆಸುಪಾಸು, ಪ್ಲಸ್ ಕಡೆಯಿಂದ ಮೂರನೆಯದರಲ್ಲಿ ಮಾತ್ರ 1.140. ಒಟ್ಟು 12.4 ವೋಲ್ಟ್. ಚಾರ್ಜ್ ಆಗುವಾಗ ಉಳಿದವುಗಳಲ್ಲಿ ಸಣ್ಣ ಗುಳ್ಳೆ ಏಳುತ್ತವೆ, ಇದರಲ್ಲಿ ನೀರು ಸುಮ್ನೆ ನಿಂತಿರುತ್ತದೆ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಿಲ್ಲ.

ಅಂಗಡಿಯವರು ಆ ಸೆಲ್‌ಗೆ ಆಸಿಡ್ ಹಾಕೋಣ ಅನ್ನುತ್ತಾರೆ. ಅದರಿಂದ ರೀಡಿಂಗ್ ಏರುತ್ತದೆ ಅಷ್ಟೇ, ಚಾರ್ಜ್ ಹಿಡಿಯದಂತೆ ಪ್ಲೇಟಿನ ಮೇಲೆ ಕೂತ ಸಲ್ಫೇಟ್ ಪದರ ಹೋಗುವುದಿಲ್ಲ ಅಲ್ವಾ?

ಮನೆಯಲ್ಲೇ ಈಕ್ವಲೈಸಿಂಗ್ ಚಾರ್ಜ್ (ಎಲ್ಲ ಸೆಲ್‌ಗಳೂ ಸಮಕ್ಕೆ ಬರಲೆಂದು ಕೊಡುವ ಹೆಚ್ಚುವರಿ ಚಾರ್ಜ್) ಮಾಡಿದವರು ಇದ್ದೀರಾ? ಎಷ್ಟು ಆಂಪಿಯರ್‌ನಲ್ಲಿ, ಎಷ್ಟು ಹೊತ್ತು ಬಿಟ್ಟಿರಿ? ಒಳಗೆ ಶಾರ್ಟ್ ಆಗಿದ್ದರೆ ಗೊತ್ತಾಗುವುದು ಹೇಗೆ? ಕರೆಂಟ್ ಹೋದಾಗ ಅಮ್ಮನ ನೆಬ್ಯುಲೈಸರ್ ಇದರ ಮೇಲೇ ನಡೆಯಬೇಕು. ದಯವಿಟ್ಟು ತಿಳಿದವರು ಬೇಗ ಹೇಳಿ.